ಪೈಪಿನ ಐದನೆಯ ಬಾಯಿ

ಹಳೇ ಕಬ್ಬಿಣದ ಪೈಪಿಗೆ ಐದು ಬಾಯಿ. ನಾಲ್ಕನ್ನು ನಲ್ಲಿ ಕೆಲಸದ ವಿಠ್ಠಲನೇ ಮುಚ್ಚಿದ್ದ. ತಿರುಪಿಗೆ ಸಣಬು ಸುತ್ತಿ, ಸಫೇದಾದ ಬಿಳಿ ಲೇಪ ಬಳಿದು, ಕ್ಯಾಪು ಕೂರಿಸಿ, ಮೈಭಾರವೆಲ್ಲ ಪಾನಾದ ಹಿಡಿಕೆಯ ಮೇಲೆ ಬಿಟ್ಟು ಬಿಗಿದಿದ್ದ. ಐದನೆಯದು ದೇವರಮನೆಯಲ್ಲಿತ್ತು.

ಹಳಿಯಾಳದ ಕಾಳಿನ ವ್ಯಾಪಾರಿ ಶೇಖಪ್ಪ ಅಪ್ಪನ ಕಾಲದ ಮನೆಯನ್ನು ಹೊಸದು ಮಾಡಿಸಿದ ವರ್ಷ ಅದು, ತೊಂಬತ್ತೊಂಬತ್ತು. ಒಳಗೆಲ್ಲ ಪ್ಲಾಸ್ಟಿಕ್ ಪೈಪು ಬಂತು. ಹಿತ್ತಲ ನಲ್ಲಿಗೆ ಮಾತ್ರ ಹಳೇ ಲೈನೇ ಸಾಕೆಂದು ಶೇಖಪ್ಪ ಹಟ ಹಿಡಿದ. ಆ ಲೈನಿನಲ್ಲಿ ನೀರು ಇದ್ದೇ ಇರುವುದರಿಂದ, ಗೋಡೆಯೊಳಗೆ ಉಳಿದ ಐದೂ ಬಾಯಿಗಳನ್ನು ಮುಚ್ಚಲೇಬೇಕಿತ್ತು.

ಕ್ಯಾಪು ಹಿಡಿದು ವಿಠ್ಠಲ ದೇವರಮನೆಯ ಹೊಸ್ತಿಲಿಗೆ ಹೋದಾಗ ಶೇಖಪ್ಪನ ತಾಯಿ ಶಿವಗಂಗವ್ವ ಅಡ್ಡ ನಿಂತಳು.

"ಒಳಗ ಬ್ಯಾಡಪಾ. ದೇವರ ಜಗಲಿ ಕಿತ್ತಿಲ್ಲ, ದೇವರು ಅಲ್ಲೇ ಅದಾವ."

"ಕಾಲು ತೊಳಕೊಂಡು ಬರ್ತೇನ್ರಿ ಅವ್ವಾರ."

"ಕಾಲಿಂದಲ್ಲೋ ಅದು," ಎಂದ ಶೇಖಪ್ಪ ಹಿಂದಿನಿಂದ.

ಮುಂದಿನದನ್ನು ಅವನು ಹೇಳಲಿಲ್ಲ. ಮುಂಡಗೋಡ ಕಡೆಯ ಲಂಬಾಣಿ ತಾಂಡಾದಿಂದ ಬಂದವನಿಗೆ ಬಿಡಿಸಿ ಹೇಳುವ ಅಗತ್ಯವೂ ಇರಲಿಲ್ಲ. ಶಿವಗಂಗವ್ವ ದಿನಾ ನಸುಕಿನಲ್ಲಿ ವಚನ ಹೇಳುತ್ತಿದ್ದಳು, ಮೇಲು ಕೀಳು ಇಲ್ಲ, ಎಲ್ಲರೂ ಒಂದೇ ಎಂದು. ಅದನ್ನು ಕೇಳುತ್ತಲೇ ವಿಠ್ಠಲ ಎರಡು ತಿಂಗಳು ಗೋಡೆ ಕೊರೆದಿದ್ದ.

"ಸಾತಪ್ಪ ನಮ್ಮಾಂವ ಅದಾನ. ಕ್ಯಾಪ್ ಅವನ ಕೈಯಾಗ ಕೊಡು," ಎಂದ ಶೇಖಪ್ಪ.

ಗೌಂಡಿ ಸಾತಪ್ಪ ಗೋಡೆ ಬಲ್ಲವನು, ಪೈಪು ಬಲ್ಲವನಲ್ಲ. ಸಣಬು ಯಾವ ದಿಕ್ಕಿಗೆ ಸುತ್ತಬೇಕೆಂದು ವಿಠ್ಠಲ ಹೊರಗಿನಿಂದ ಎರಡು ಸಲ ಹೇಳಿದ. "ಆತ್ ಬಿಡೋ, ನನಗೇನ ಕಲಸ್ತಿ," ಎಂದ ಸಾತಪ್ಪ. ಮರುದಿನ ನೋಡುವಷ್ಟರಲ್ಲಿ ಪ್ಲಾಸ್ಟರ್ ಆಗಿತ್ತು.

ವಾಸ್ತುಶಾಂತಿಯ ದಿನ ಮಾಳಿಗೆ ಮೇಲಿನ ನೀರಿನ ಟಾಕಿಯನ್ನು ಮೊದಲ ಸಲ ಅಂಚಿನವರೆಗೆ ತುಂಬಿಸಿದರು. ಅಂಗಳದಲ್ಲಿ ವಿಠ್ಠಲ ಶೇಖಪ್ಪನ ಬೀಗ, ತೇರಗಾಂವದ ನಾಗಲಿಂಗಪ್ಪನ ಜೊತೆ ಮಾತಾಡುತ್ತಿದ್ದ. ನಾಗಲಿಂಗಪ್ಪ ಎರಡಂತಸ್ತಿನ ಮನೆ ಕಟ್ಟಿಸುತ್ತಿದ್ದ. ಆ ಕೆಲಸ ಸಿಕ್ಕರೆ ವಿಠ್ಠಲನನ್ನೂ ಜನ ಮೇಸ್ತ್ರಿ ಎನ್ನುತ್ತಿದ್ದರು. ಮಾತು ಇನ್ನೇನು ಕುದುರಿತು ಎನ್ನುವಾಗ ಒಳಗೆ ಹೆಂಗಸರ ಚೀರಾಟ. ದೇವರಮನೆಯ ಗೋಡೆ ಒಡೆದು ನೀರು ಚಿಮ್ಮಿತ್ತು. ಸಮೆಯ ದೀಪಗಳು ಆರಿದವು, ವಿಭೂತಿಗಟ್ಟಿ ಕರಗಿ ನೆಲಕ್ಕೆ ಹರಿಯಿತು.

ರೇಷ್ಮೆ ಧೋತರ ತೊಯ್ಸಿಕೊಂಡು ಶೇಖಪ್ಪ ಅಂಗಳಕ್ಕೆ ಬಂದ.

"ವಿಠ್ಯಾ! ಎಂಥಾ ಕೆಲಸಾ ಮಾಡೀಯಲೇ! ತಾಂಡಾದವರ ಕೈಯಾಗ ಮನಿ ಕೊಟ್ರ ಹಿಂಗಽ ಆಗೂದು. ನೋಡ್ರಿ ಬೀಗರ, ಇಂಥಾಂವನ್ನ ನೀವೂ ಕರಸಾಕ ಹೊಂಟೀರಿ!"

ವಿಠ್ಠಲನ ಕಣ್ಣು ಕೆಂಪಾದವು. ಆದರೂ ಮೊದಲು ಮಾಳಿಗೆ ಹತ್ತಿ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದ. ಸಿಟ್ಟಿಗೆ ದಾರಿ ಬಿಟ್ಟಿದ್ದು ಆಮೇಲೆ. ಇಳಿದವನೇ ಉಳಿ ಸುತ್ತಿಗೆ ಹಿಡಿದು ಪಡಸಾಲೆಯ ಗೋಡೆಗೆ ಹೊಡೆದ.

"ಏ, ಏ! ಬಣ್ಣಾ ಹಚ್ಚಿ ನಾಕ ದಿನಾ ಆಗಿಲ್ಲೋ!"

"ಮತ್ತೊಮ್ಮೆ ಹಚ್ಚಿಸ್ಕೋರಿ."

ಪ್ಲಾಸ್ಟರ್ ಉದುರಿತು. ಒಳಗೆ ಅವನ ಕ್ಯಾಪು, ಸಫೇದಾದ ಬಿಳಿ ಅಂಚಿನ ಸಮೇತ.

"ನಾಗಲಿಂಗಪ್ಪಾರ, ಕೈ ಹಚ್ಚಿ ನೋಡ್ರಿ. ಇದು ತಾಂಡಾದಾಂವ ಹಾಕಿದ್ದು. ಇನ್ನೂ ಮೂರ ಅದಾವ, ಒಡೀಲೇನು?"

ನಾಗಲಿಂಗಪ್ಪ ಮುಟ್ಟಿ ನೋಡಿದ. ಬೆರಳಿಗೆ ಬರೀ ಧೂಳು ಹತ್ತಿತು.

"ಈಗ ಇವರ ಪೈಕಿಯಾಂವ ಹಾಕಿದ್ದು ತರಸ್ರಿ."

ಸಾತಪ್ಪ ದೇವರಮನೆಯಿಂದ ತಲೆ ತಗ್ಗಿಸಿ ಬಂದ. ಕೈಯಲ್ಲೊಂದು ಮರದ ಬೆಣೆ, ಅದಕ್ಕೆ ಸುತ್ತಿದ ಹಳೇ ಸೀರೆಯ ಚೂರು.

"ತುಕ್ಕಿಗೆ ಕ್ಯಾಪ್ ಕೂಡ್ರಲಿಲ್ಲೋ ಮಾರಾಯಾ. ತಾಳ್ತೈತಿ ಅನಕೊಂಡೆ."

"ನಾ ಹೊಸ್ತಲ್ದಾಗಽ ನಿಂತಿದ್ನೆಲ್ಲೋ! ಒಂದ ಮಾತು ಕೇಳಿದ್ರ ನಿಂದೇನ ಸವೀತಿತ್ತು?"

ಶಿವಗಂಗವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ಒಳಗ ಬಾಪಾ. ನೀನಽ ಹಾಕು."

"ಅವತ್ತಿನ ಕಾಲುಗಳಽ ಇವು, ಅವ್ವಾರ. ಬದಲಿ ಆಗಿಲ್ಲ."

ಅವನು ಹೊಸ್ತಿಲ ಹೊರಗೆ ಕುಕ್ಕರಗಾಲಲ್ಲಿ ಕೂತು ಕ್ಯಾಪು, ಸಣಬು, ಸಫೇದಾ, ಪಾನಾ ಒಳಗೆ ದೂಡಿದ. "ಶೇಖಪ್ಪಾರ, ಇವತ್ತ ನೀವಽ ಹಾಕ್ರಿ. ಹೇಳ್ತೇನಿ."

ನೂರು ಜನ ಊಟಕ್ಕೆ ಕಾದಿದ್ದರು, ಕೈ ತೊಳೆಯಲು ನೀರಿಲ್ಲ. ಶೇಖಪ್ಪ ಹಲ್ಲು ಕಚ್ಚಿ ಮಂಡಿಯೂರಿದ.

"ಮೊದಲ ತುಕ್ಕ ತಿಕ್ರಿ... ಉಲ್ಟಾ ಸುತ್ತೀರಿ, ಬಿಚ್ಚರಿ... ಮೈಭಾರ ಬಿಡ್ರಿ ಸಾವಕಾರ, ಕಾಳು ಅಳದಂಗಲ್ಲ ಇದು."

ಯಾರೋ ಕಿಸಕ್ಕನೆ ನಕ್ಕರು. ಮೂರನೆಯ ಸಲಕ್ಕೆ ಕ್ಯಾಪು ಕೂತಿತು. ವಿಠ್ಠಲ ಹೋಗಿ ವಾಲ್ವ್ ಬಿಟ್ಟು ಬಂದ. ಒಂದು ಹನಿಯೂ ಒಸರಲಿಲ್ಲ.

"ಕೂತೈತಿ," ಎಂದ ಶೇಖಪ್ಪ, ಕಣ್ಣೆತ್ತದೆ.

"ಅದಲ್ರಿ. ಅಂಗಳದಾಗ ಅಂದ ಮಾತಿಗೆ ಏನಂತೀರಿ?"

"ತಪ್ಪು ನಿಂದಲ್ಲ," ಶೇಖಪ್ಪ ಗೊಣಗಿದ.

"ಅಂಗಳಕ್ಕ ಕೇಳಸಲಿಲ್ರಿ."

ಶೇಖಪ್ಪನ ಮುಖ ಕಪ್ಪಿಟ್ಟಿತು. ಎರಡನೆಯ ಸಲ ಹೇಳಿದ್ದು ಅಂಗಳಕ್ಕೆ ಕೇಳಿಸಿತು. ಆದರೂ ವಿಠ್ಠಲನ ಸಿಟ್ಟು ಎಳ್ಳಷ್ಟೂ ಇಳಿಯಲಿಲ್ಲ. ಸಾಮಾನು ಚೀಲಕ್ಕೆ ಎಸೆದು ಊಟಕ್ಕೂ ನಿಲ್ಲದೆ ಹೊರಟ.

ನಾಗಲಿಂಗಪ್ಪ ಗೇಟಿನ ತನಕ ಬೆನ್ನು ಹತ್ತಿ ಬಂದ. "ಸೋಮವಾರ ಬಾಪಾ ತೇರಗಾಂವಕ್ಕ. ಕೆಲಸಾ ನಿಂದಽ."

"ನಿಮ್ಮ ದೇವರಮನ್ಯಾಗ ಪೈಪ್ ಬರ್ತೈತೇನ್ರಿ?"

"ಬರ್ತೈತಿ."

"ಹಂಗಾದ್ರ ಅಲ್ಲಿಂದಽ ಶುರು ಮಾಡ್ತೇನಿ. ಮನ್ಯಾಗ ಎಲ್ಲಾರ್ನೂ ಕೇಳ್ರಿ. ಒಪ್ಪಿದ್ರ ಹೇಳಿ ಕಳಸ್ರಿ, ಇಲ್ಲಾಂದ್ರ ಇಲ್ಲ."

ಉತ್ತರಕ್ಕೆ ಕಾಯದೆ ಅವನು ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.