ರೇವವ್ವನ ಹೆಬ್ಬೆರಳು

ವ್ಯಾಪಾರದ ಕೆಂಪು ಗೆರೆ ಮತ್ತೆ ಕೆಳಗೆ ಬಿತ್ತು, ಇದು ಎಷ್ಟನೆಯದೋ, ಲ್ಯಾಪ್‌ಟಾಪಿನೊಳಗೆ ಇಂಡಿ ಊರಿನ ಈ ನಿಂಬೆ ಶೆಡ್ಡು ಬೆಳಗಿನಿಂದ ಮುಳುಗುತ್ತಲೇ ಇದೆ, ಹೊರಗೆ ಮಾತ್ರ ಎಂದಿನ ಹಾಗೆ ಹಣ್ಣು ಆರಿಸುವ ಹೆಂಗಸರ ಹರಟೆ, ಚೀಲದ ಧೂಳು — ಅಬ್ಬಬ್ಬಾ, ಎಂಥ ಹುಡುಗಿ ಇವಳು, ಶೆಡ್ಡಿನ ಯಜಮಾನ ಶ್ರೀವಲ್ಲಭರಾಯರ ಮಗಳು ವೃಂದಾ, ಇದೇ ಕಟ್ಟೆಯ ಮೇಲೆ ಹಣ್ಣು ಉರುಳಿಸಿ ಆಡುತ್ತಿದ್ದವಳು, ಈಗ ಕೂತಲ್ಲೇ ಸಾವಿರ ಹಂಗಾಮು ನಡೆಸುತ್ತಾಳೆ, ಒಂದರಲ್ಲಿ ಅಕಾಲದ ಅಡ್ಡಮಳೆ ಹೊಡೆಯುತ್ತದೆ, ಒಂದರಲ್ಲಿ ದಿಲ್ಲಿಗೆ ಹೊರಟ ಲಾರಿ ಸೋಲಾಪುರದಾಚೆ ನಿಲ್ಲುತ್ತದೆ, ಒಂದರಲ್ಲಿ ಎಂಟು ದಿನ ಕರೆಂಟಿಲ್ಲ, ಸುಳ್ಳುಸುಳ್ಳೇ ಬೀಳಿಸಿ ನೋಡುವುದಂತೆ, ಖರೇನ ಬೀಳೂಕಿಂತ ಮೊದಲ ಗೊತ್ತಾಗಲಿ ಅಂತ ರೇವಕ್ಕಾ, ಎಂದಿದ್ದಳು, ರೇವವ್ವನಿಗೆ ಕೂಡಲೇ ತಿಳಿದಿತ್ತು, ಮೂವತ್ತು ವರ್ಷ ತಾನು ಮಾಡಿದ್ದೂ ಅದೇ ಅಲ್ಲವೇ, ತೊಟ್ಟಿನ ಪಕ್ಕ ಹೆಬ್ಬೆರಳು ಒತ್ತಿ, ಇವತ್ತು ಲಕಲಕ ಹೊಳೆಯುವ ಹಣ್ಣು ನಾಡಿದ್ದು ಕೊಳೆಯುತ್ತದೆ ಎಂದು ಹೇಳುವುದು, ಚೀಲದಿಂದ ತೆಗೆದುಹಾಕುವುದು.

ಮಳೆಗೆ ಶೆಡ್ಡು ಬಿದ್ದು ಎದ್ದಿತು, ಲಾರಿಗೂ ಬಿದ್ದು ಎದ್ದಿತು, ಆಮೇಲೆ ಹುಡುಗಿ ಕೇಳಿದ್ದು — ಅಪ್ಪಾ, ರೇವಕ್ಕ ಬರಲಿಲ್ಲಂದ್ರ ಯಾರು ಒತ್ತಿ ನೋಡವ್ರು? ರಾಯರು ಹೊಟ್ಟೆ ಹಿಡಿದು ನಕ್ಕರು, ಏ ಹುಚ್ಚಿ, ಆಕಿ ಯಾವತ್ತರೆ ತಪ್ಪಿಸ್ಯಾಳೇನು, ಮಗಳ ಮದುವಿ ಮರುದಿನಾ ಬಂದಾಕಿ. ಲಾರಿಗೆ ಸ್ಟೆಪ್ನಿ ಉಂಟು, ಕರೆಂಟಿಗೆ ಜನರೇಟರ್ ಉಂಟು, ರೇವವ್ವನಿಗೆ ಮಾತ್ರ ಬದಲಿಯಿಲ್ಲ, ಯಾರು ಆರಿಸಿದ ಚೀಲವಾದರೂ ಕಡೆಗೆ ಅವಳ ಕೈಗೇ ಬರಬೇಕು, ಅದು ಅವಳಿಗೂ ಹೆಮ್ಮೆಯೇ. ವೃಂದಾ ನಗಲಿಲ್ಲ, ಲ್ಯಾಪ್‌ಟಾಪಿನೊಳಗೆ ರೇವವ್ವನನ್ನು ತೆಗೆದು ಹಂಗಾಮು ನಡೆಸಿದಳು, ಗೆರೆ ಒಂಬತ್ತನೆಯ ದಿನಕ್ಕೆ ನೆಲ ಕಚ್ಚಿತು, ದಿಲ್ಲಿಯವರು ಇಡೀ ಲೋಡು ವಾಪಸ್ ಕಳಿಸಿದ್ದರು. ಭಲೆ ನನ್ನವ್ವ, ಮನುಷ್ಯರ ಕಣ್ಣಿಗೆ ಮೂವತ್ತು ವರ್ಷ ಕಾಣದ್ದನ್ನು ಒಂದು ಬೆಳಗಿನಲ್ಲಿ ಹಿಡಿದಳಲ್ಲ, ರೇವವ್ವನ ಎದೆ ಉಬ್ಬಿತು, ಅದರ ಹಿಂದೆಯೇ ಹೆದರಿಕೆ — ಬಲಗೈ ಹೆಬ್ಬೆರಳು ಜೋಮು ಹಿಡಿದು ಇವತ್ತಿಗೆ ಐದು ದಿನ, ಒತ್ತಿದರೆ ಏನೂ ಗೊತ್ತಾಗುವುದಿಲ್ಲ, ಅಂದಾಜಿನ ಮೇಲೆ ಚೀಲ ಕಟ್ಟಿಸುತ್ತಿದ್ದಾಳೆ, ಹೇಳಿದರೆ ಮನೆಗೆ ಕಳಿಸುತ್ತಾರೆ, ಹೇಳದಿದ್ದರೆ ಒಂಬತ್ತು ದಿನದಲ್ಲಿ ಉಳಿದದ್ದು ನಾಲ್ಕೇ, ಆ ಗೆರೆ ಸುಳ್ಳಲ್ಲ, ಶುರುವಾಗಿಬಿಟ್ಟಿದೆ —

ಒಂದು ಹಣ್ಣು ತಂದು ಹುಡುಗಿಯ ಎದುರು ಕೂತಳು, ಬೆರಳು ಕೊಡು ತಂಗಿ, ಆ ಎಳೆಯ ಹೆಬ್ಬೆರಳನ್ನು ತೊಟ್ಟಿನ ಪಕ್ಕ ಇಟ್ಟು ಮೇಲೆ ತನ್ನದನ್ನು ಒತ್ತಿದಳು, ಏನರೆ ಗೊತ್ತಾಗತೈತೇನು? ವೃಂದಾ ಕಣ್ಣು ಮುಚ್ಚಿದಳು, ಹೂಂ ರೇವಕ್ಕಾ, ಇಲ್ಲೆ ಒಂಚೂರು ಮೆತ್ತಗ, ನಿಮಗ? ನನಗ ಗೊತ್ತಾಗವಲ್ದು ತಂಗಿ, ಐದು ದಿನಾತು, ಇದನ್ನೂ ನಿನ್ನ ಲ್ಯಾಪ್‌ಟಾಪಿನ್ಯಾಗ ಹಾಕು — ಹುಡುಗಿ ಬೆರಳು ತೆಗೆಯಲಿಲ್ಲ, ಹಳದಿ ಹಣ್ಣು, ಅದರ ಮೇಲೆ ಎಳೆಯ ಹೆಬ್ಬೆರಳು, ಅದರ ಮೇಲೆ ತನ್ನದು, ಒತ್ತುತ್ತಾಳೆ, ಇನ್ನೂ ಒತ್ತುತ್ತಾಳೆ, ಏನೂ ಗೊತ್ತಾಗುವುದಿಲ್ಲ.