ಎರಡನೇ ಸೂಜಿ

ಪಾರ್ಲರಿನಲ್ಲಿ ಫೋನು ಕಿರುಚಿದಾಗ ಅವಳ ಎರಡೂ ಕೈ ಗಿರಾಕಿಯ ತಲೆಯಲ್ಲಿದ್ದವು. ಗ್ಲೌಸಿನ ತುಂಬ ಕಪ್ಪು ಬಣ್ಣ. ಮೊಣಕೈಯಿಂದಲೇ ಫೋನನ್ನು ತನ್ನತ್ತ ತಿರುಗಿಸಿಕೊಂಡಳು. ಮಗಳ ಸಕ್ಕರೆ ಮುನ್ನೂರರ ಹತ್ತಿರ, ಪಕ್ಕದಲ್ಲಿ ಮೇಲಕ್ಕೆ ಮುಖ ಮಾಡಿದ ಬಾಣ.

"ಯಾರಮ್ಮಾ ಅದು, ಅಷ್ಟೊಂದು ಅರ್ಜೆಂಟು?" ಗಿರಾಕಿ ಕನ್ನಡಿಯೊಳಗಿಂದಲೇ ಕೇಳಿದಳು.

"ನನ್ ಮಗಳದ್ದು. ತೋಳಿಗೆ ಒಂದು ಬಿಲ್ಲೆ ಅಂಟಿಸಿದಾರೆ. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅಂತ ಇಲ್ಲಿಗೇ ಬರತ್ತೆ."

"ನನ್ ಗಂಡಂಗೂ ಅಂಥದ್ದೊಂದು ಅಂಟಿಸ್ಬೇಕು. ಎಲ್ಲಿ ಸುತ್ತುತಾನೆ ಅಂತನಾದ್ರೂ ಗೊತ್ತಾಗತ್ತೆ."

ಅವಳಿಗೆ ನಗು ಬರಲಿಲ್ಲ.

ಮಗಳಿಗೆ ಹನ್ನೊಂದು. ಬಾಯಿ ಜೋರು, ಅದಕ್ಕೇ ಮನೆಮಂದಿಗೆಲ್ಲ ಅವಳು ಮೆಣಸು. ಇನ್ಸುಲಿನ್ ಪೆನ್ನನ್ನು ಅಮ್ಮನ ಕೈಯಿಂದ ಕಿತ್ತುಕೊಂಡು, ಹಟ ಹಿಡಿದು, ತಾನೇ ಚುಚ್ಚಿಕೊಳ್ಳಲು ಕಲಿತವಳು. ಇವತ್ತು ಮೊದಲ ಸಲ ಗೆಳತಿಯ ಹುಟ್ಟುಹಬ್ಬಕ್ಕೆ ಒಬ್ಬಳೇ ಹೋಗಿದ್ದಳು. "ಫೋನ್ ಮಾಡಿ ನನ್ ಮಾನ ಕಳೀಬೇಡ" ಎಂದು ಹೊರಡುವಾಗಲೇ ತಾಕೀತು ಮಾಡಿದ್ದಳು. ಅಮ್ಮನೂ ಆಗಲಿ ಎಂದಿದ್ದಳು. ಬಿಲ್ಲೆ ಹಾಕಿಸಿದರೆ ನೆಮ್ಮದಿಯಾಗಿರಬಹುದು ಎಂದು ಎಲ್ಲರೂ ಹೇಳಿದ್ದರು. ಎಲ್ಲಿಯ ನೆಮ್ಮದಿ? ಮೊದಲು ಬೆರಳು ಚುಚ್ಚಿ ನೋಡುವಾಗಷ್ಟೇ ಹೆದರುತ್ತಿದ್ದ ಜೀವ ಈಗ ಮಾತೆತ್ತಿದರೆ ಹೆದರುತ್ತಿತ್ತು.

ಗ್ಲೌಸು ಕಿತ್ತೆಸೆದು ಫೋನು ಮಾಡಿಯೇಬಿಟ್ಟಳು.

"ಅಮ್ಮಾ, ಕೇಕ್ ತಿನ್ನೋಕೆ ಮುಂಚೆನೇ ಚುಚ್ಕೊಂಡಿದೀನಿ. ಇಳಿಯೋಕೆ ಟೈಮ್ ಬೇಕು. ಡಾಕ್ಟ್ರೇ ಹೇಳಿಲ್ವಾ?" ಮೆಣಸಿನ ದನಿಯ ಹಿಂದೆ ಮಕ್ಕಳ ಗಲಾಟೆ.

"ಚುಚ್ಕೊಂಡಿದ್ರೆ ಯಾಕೆ ಏರತ್ತೆ? ಸುಳ್ಳು ಹೇಳ್ಬೇಡ. ಇನ್ನೊಂದ್ಸಲ ಹಾಕ್ಕೋ."

"ಸುಳ್ಳಲ್ಲಮ್ಮ."

"ಹಾಕ್ಕೋ ಅಂದೆ. ಇಲ್ಲಾಂದ್ರೆ ಈಗ್ಲೇ ಬಂದು ಎಲ್ರೆದುರಿಗೂ ಎಳ್ಕೊಂಡು ಹೋಗ್ತೀನಿ."

ಆ ಕಡೆ ಚೀಲದ ಜಿಪ್ ಎಳೆದ ಸದ್ದು. ಆಮೇಲೆ, "ಸರಿ."

ಗಂಟೆ ಕಳೆದ ಮೇಲೆ ಗಿರಾಕಿಯ ತಲೆ ತೊಳೆಯುತ್ತಿದ್ದಾಗ ಫೋನು ಮತ್ತೆ ಕಿರುಚಿತು. ಈ ಸಲ ಎರಡು ಬಾಣ, ಎರಡೂ ಕೆಳಕ್ಕೆ. ನೋಡನೋಡುತ್ತಿದ್ದಂತೆ ಅಂಕಿ ಅಪಾಯದ ಗೆರೆಯಾದ ಎಪ್ಪತ್ತಕ್ಕಿಂತ ಕೆಳಗಿಳಿಯಿತು. ಹುಡುಗಿ ಹೇಳಿದ್ದು ನಿಜ. ಮೊದಲ ಸೂಜಿ ಕೆಲಸ ಶುರುಮಾಡುವ ಮುಂಚೆಯೇ ತಾನು ಎರಡನೆಯದನ್ನು ಹಾಕಿಸಿದ್ದಳು.

ಗೆಳತಿಯ ತಾಯಿಗೆ ಫೋನು ಮಾಡಿ, "ಜ್ಯೂಸ್ ಕುಡಿಸಿ, ಈಗ್ಲೇ, ದಮ್ಮಯ್ಯ" ಎಂದವಳೇ ಗಿರಾಕಿಯ ತಲೆಯನ್ನು ನೊರೆಯಲ್ಲೇ ಬಿಟ್ಟು ಓಡಿದಳು. ಗೆಳತಿಯ ಮನೆ ಪಾರ್ಲರಿನ ಹಿಂದಿನ ಬೀದಿಯಲ್ಲೇ ಇತ್ತು. ದಾರಿ ಮಾತ್ರ ಮುಗಿಯಲೊಲ್ಲದು.

ಆಟ ನಿಂತಿತ್ತು. ಮಕ್ಕಳು ಗೋಡೆಗೆ ಒರಗಿ ನಿಂತು ಸೋಫಾದ ಕಡೆಗೇ ನೋಡುತ್ತಿದ್ದರು. ಮೆಣಸು ಬಿಳಿಚಿಕೊಂಡು ಕೂತಿದ್ದಳು. ಹಣೆಗೂದಲು ಬೆವರಿಗೆ ಅಂಟಿತ್ತು, ಎರಡೂ ಕೈಯಲ್ಲಿ ಹಿಡಿದಿದ್ದ ಲೋಟ ನಡುಗುತ್ತಿತ್ತು. ಅಮ್ಮ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಅಂಕಿ ಮೆಲ್ಲಗೆ ಮೇಲೆ ಬಂತು, ಮುಖಕ್ಕೆ ಬಣ್ಣವೂ ಬಂತು.

"ತಪ್ಪಾಯ್ತು ಕಣೇ. ನೀನೇ ಸರಿ. ನಾನು ನಂಬಬೇಕಿತ್ತು."

ಮೆಣಸು ಖಾಲಿ ಲೋಟವನ್ನು ಪಕ್ಕಕ್ಕಿಟ್ಟಳು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗೆಳತಿಯ ತಾಯಿ ತಟ್ಟೆ ಹಿಡಿದು ಬಂದಳು. "ಬಿಸ್ಕತ್ತು ತಿನ್ಬಹುದಾ ಪುಟ್ಟಾ?"

"ಅಮ್ಮನ್ನ ಕೇಳಿ," ಎಂದಳು ಮೆಣಸು.

ಆಮೇಲೆ ಚೀಲದಿಂದ ಪೆನ್ನು ತೆಗೆದು ಅಮ್ಮನ ಮಡಿಲಲ್ಲಿಟ್ಟಳು. "ಇನ್ಮೇಲೆ ನೀನೇ ಹಾಕು."

"ಬೇಡ ಕಣೇ, ನಿಂಗೇ ಚೆನ್ನಾಗಿ ಗೊತ್ತು. ತಗೋ."

ಅಮ್ಮ ಪೆನ್ನು ಹಿಡಿದ ಕೈ ಚಾಚಿಯೇ ಇದ್ದಳು. ಮೆಣಸು ಎರಡೂ ಕೈಗಳನ್ನು ತೊಡೆಯಡಿಗೆ ತೂರಿಸಿಕೊಂಡು ನೆಲ ನೋಡುತ್ತ ಕೂತಳು.