ಗೋಡೆಯಾಚೆಯ ಹಲ್ಲಿನ ಸದ್ದು

ನಾದಿನಿ ಕಾಳಿನ ಚೀಲವನ್ನು ಮೇಕೆಗಳ ಮುಂದೆ ಮಗುಚಿಯೇ ಬಿಟ್ಟಳು. ಅಂಗಳದಲ್ಲಿ ಅವಳ ತಾಯಿಯ ಹೆಣ ಮಲಗಿತ್ತು. ಕೊಟ್ಟಿಗೆಯ ಒರಲಾಟದಲ್ಲಿ, ಸಾವಿಗೆ ಬಂದವರ ಮಾತು ಒಬ್ಬರಿಗೊಬ್ಬರಿಗೆ ಕೇಳಿಸುತ್ತಿರಲಿಲ್ಲ.

"ಪಾಪ, ಅಮ್ಮನಿಗೋಸ್ಕರ ಅಳ್ತಿವೆ," ಎಂದು ನಾದಿನಿ ಕಣ್ಣೊರೆಸಿಕೊಂಡಳು.

ಅಳುವೂ ಅಲ್ಲ, ಹಸಿವೂ ಅಲ್ಲ. ಹಾಲು ಕರೆಯುವ ಹೊತ್ತು ಮೀರಿ ಕೆಚ್ಚಲು ಬಿಗಿದಿತ್ತು, ಅಷ್ಟೇ. ಸೊಸೆ ಪಾತ್ರೆ ಹಿಡಿದು ಓಡಿ ಬರುವಷ್ಟರಲ್ಲಿ ಕಾಳು ಅರ್ಧಕ್ಕರ್ಧ ಖಾಲಿ. ಎಲ್ಲಕ್ಕಿಂತ ಮುಂದೆ ಮೂತಿಯಿಟ್ಟಿದ್ದದ್ದು ಹಿರಿಯ ಮೇಕೆ. ಅತ್ತೆ ಅದಕ್ಕೆ ಯಜಮಾನಿ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಬೇರೆ ಯಾರ ಮಾತು ನಡೆಯದಿದ್ದರೂ ಅದರದ್ದು ನಡೆಯುತ್ತಿತ್ತು.

"ಇಷ್ಟು ಕಾಳು ಹಾಕಬಾರದಿತ್ತು ಕಣೇ. ಹೊಟ್ಟೆ ಉಬ್ಬರಿಸುತ್ತೆ."

"ತಿನ್ಲಿ ಬಿಡಿ ಅತ್ತಿಗೆ. ಇವತ್ತಾದ್ರೂ ಅಳತೆ ಮಾಡ್ಬೇಡಿ."

ಸೊಸೆ ಹಾಲು ಕರೆಯಲು ಕೂತಳು. ಒಂದೊಂದೇ ಮೇಕೆ ಸುಮ್ಮನಾಯಿತು.

* * *

ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಅವಳನ್ನು ಕೊಟ್ಟಿಗೆಯಲ್ಲಿ ಕೂರಿಸಿ ಕಣ್ಣು ಮುಚ್ಚಿಸುತ್ತಿದ್ದರು. "ಈಗ ಕೂಗಿದ್ದು ಯಾಕೆ, ಹೇಳು?" ತುಂಡು ತುಂಡು ಕೂಗು ಮೇವಿಗೆ. ಎಳೆದು ಕರೆದರೆ ಮರಿಗೆ. ಬಾಯಿ ತೆರೆಯದೆ ಗಂಟಲಲ್ಲೇ ಗುನುಗಿದರೆ ಮುದ್ದಿಗೆ. ಮನುಷ್ಯರ ಜೊತೆ ನಾಲ್ಕು ಮಾತಾಡಲು ಬೇಸರಪಡುವ ಹೆಂಗಸು ಇದನ್ನು ಮಾತ್ರ ಬೇಸರವಿಲ್ಲದೆ ಹೇಳಿಕೊಟ್ಟರು.

"ಕೂಗೋದಕ್ಕೆ ಹೆದರಬೇಡ. ಕೂಗೋಕೆ ಇನ್ನೂ ಶಕ್ತಿ ಇದೆ ಅಂತ ಅರ್ಥ. ಮೂಲೇಲಿ ಸುಮ್ಮನೆ ನಿಂತು ಹಲ್ಲು ಕಡೀತಿರುತ್ತಲ್ಲ, ಆಗ ಕೈಲಿರೋದನ್ನ ಬಿಟ್ಟು ಓಡು. ತಡಕೊಳ್ಳೋಕೆ ಆಗದ ನೋವು ಅದು."

* * *

ಹೆಣ ಒಯ್ಯುವ ಗಾಡಿ ಬಂತು. ಕೊಟ್ಟಿಗೆ ತಣ್ಣಗಾಗಿತ್ತು.

"ನೋಡಿ, ಯಜಮಾನೀನೂ ಸಮಾಧಾನ ಮಾಡ್ಕೊಂಡ್ಲು," ಎಂದಳು ನಾದಿನಿ.

ಸೊಸೆ ಕೊಟ್ಟಿಗೆಯ ಹೊಸ್ತಿಲಲ್ಲೇ ನಿಂತಳು. ಮೂಲೆಯಿಂದ ಕರಕರ ಸದ್ದು. ಯಜಮಾನಿ ಗೋಡೆಗೆ ತಲೆಯಾನಿಸಿ ಹಲ್ಲು ಕಡಿಯುತ್ತಿತ್ತು. ಎಡಪಕ್ಕೆ ಉಬ್ಬಿ ಬಿಗಿದಿತ್ತು.

"ನೀವು ಹೊರಡಿ, ನಾನು ಬರಲ್ಲ," ಎಂದಳು ಗಂಡನಿಗೆ.

"ಜನ ಏನಂತಾರೆ? ಅಮ್ಮನಿಗಿಂತ ಮೇಕೆ ಹೆಚ್ಚಾಯ್ತಾ?"

"ನನ್ನ ಜಾಗದಲ್ಲಿ ಅಮ್ಮನಿದ್ದಿದ್ರೆ ಅವರೂ ಬರ್ತಿರಲಿಲ್ಲ."

ಗಾಡಿ ಹೋಯಿತು. ಅವಳು ಯಜಮಾನಿಯ ಬಾಯಿಗೆ ಸ್ವಲ್ಪ ಸ್ವಲ್ಪವಾಗಿ ಎಣ್ಣೆ ಹೊಯ್ದು, ಮುಂಗಾಲನ್ನು ಎತ್ತರಕ್ಕಿಟ್ಟು ಪಕ್ಕೆ ನೀವತೊಡಗಿದಳು. ಕರಕರ ನಿಲ್ಲಲಿಲ್ಲ. ಅದನ್ನು ಇಷ್ಟು ಹತ್ತಿರದಿಂದ ಕೇಳುತ್ತಿದ್ದಂತೆ ಅವಳು ನೀವುವುದನ್ನು ನಿಲ್ಲಿಸಿದಳು. ಇದೇ ಸದ್ದು. ಅತ್ತೆಯ ಕೋಣೆಯ ಗೋಡೆಯಾಚೆಯಿಂದ ಬರುತ್ತಿದ್ದದ್ದು ಇದೇ.

* * *

ಮೇಕೆಗಳನ್ನು ಕಡಿಮೆ ಮಾಡೋಣ ಎಂದು ಅವಳು ಹೇಳಿದ್ದ ದಿನವೇ ಅದು ಮೊದಲು ಕೇಳಿಸಿತ್ತು. ಅತ್ತೆ ಎದ್ದು ಹೋಗಿದ್ದರು.

"ನಿಮ್ಮಮ್ಮನಿಗೆ ನನ್ನ ಮೇಲೆ ಸಿಟ್ಟು. ಮಲಗಿದಲ್ಲೇ ಹಲ್ಲು ಕಡೀತಾರೆ," ಎಂದಿದ್ದಳು ಗಂಡನಿಗೆ.

"ಎದುರಿಗೆ ಬೈಯಲ್ಲವಲ್ಲ, ಪುಣ್ಯ ಅಂದ್ಕೋ," ಎಂದು ಅವನು ಮಗ್ಗುಲು ಬದಲಿಸಿದ್ದ.

ಅವಳೂ ಬಿಗುಮಾನ ಬಿಡಲಿಲ್ಲ. ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಅತ್ತೆಗೆ ಕೇಳಿಸುವಂತೆಯೇ ಅಂದಳು, "ಕೆಲವರು ಹಲ್ಲು ಕಡಿಯೋ ಸದ್ದಿಗೆ ಮನೇಲಿ ನಿದ್ದೇನೇ ಇಲ್ಲ." ಆಮೇಲೆ ಸದ್ದು ನಿಂತಿತು. ಸದ್ಯ, ಸಿಟ್ಟಿಳಿಯಿತು ಎಂದುಕೊಂಡಿದ್ದಳು. ನಿನ್ನೆ ವೈದ್ಯರು ಹೊಟ್ಟೆಯೊಳಗಿನ ಗಡ್ಡೆಯ ವಿಷಯ ಹೇಳಿ, ಇಷ್ಟು ದಿನ ಹೇಗೆ ತಡೆದುಕೊಂಡರೋ ಎಂದಿದ್ದರು.

* * *

ಮಣ್ಣು ಮಾಡಿ ಎಲ್ಲರೂ ಮರಳುವಷ್ಟರಲ್ಲಿ ಯಜಮಾನಿ ದೊಡ್ಡದಾಗಿ ತೇಗಿ ಮೆಲುಕು ಹಾಕುತ್ತಿತ್ತು. ಸೊಸೆಗೆ ಸಂತೋಷವಾಗಲಿಲ್ಲ. ನಾದಿನಿ ಅತ್ತೆಯ ಹಾಸಿಗೆ ಮಡಚುತ್ತಿದ್ದಳು.

"ಅತ್ತಿಗೆ, ಈ ಕಂಬಳಿ ನೋಡಿ. ಅಂಚೆಲ್ಲ ಜಗಿದು ಹಾಳಾಗಿದೆ. ಅಮ್ಮ ಮೇಕೇನ ಹಾಸಿಗೆಗೂ ಬಿಟ್ಕೊಳ್ತಿದ್ಲಾ?"

ಸೊಸೆ ಕಂಬಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೇಕೆಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿರುವುದಿಲ್ಲ. ಅದು ಬಟ್ಟೆಯನ್ನು ಎಳೆದು ಹರಿಯುತ್ತದೆ. ಇಲ್ಲಿ ಮೇಲೂ ಕೆಳಗೂ ಹಲ್ಲು ಕಚ್ಚಿ ಹಿಡಿದ ಗುರುತಿತ್ತು. ಎಂಜಲು ಒಣಗಿ ಸೆಟೆದುಕೊಂಡ ಉಣ್ಣೆಯ ಮೇಲೆ, ಒಂದರ ಪಕ್ಕ ಒಂದು, ಅಂಚಿನುದ್ದಕ್ಕೂ.